ಪತ್ತಾರರು ಮಾಡಿಕೊಟ್ಟ ತಾಮ್ರದ ಗುಂಡು

ನಮ್ಮ ಹೈಸ್ಕೂಲಿನ ಸಾಮಾನಿನ ಯಾದಿಯಲ್ಲಿ ಒಂದು ಸುಳ್ಳಿತ್ತು. ‘ಟೊಳ್ಳಾದ ತಾಮ್ರದ ಗುಂಡು, ಗಾಜಿನ ಕಾಲಿನ ಮೇಲೆ ನಿಲ್ಲಿಸಿದ್ದು, ಒಂದು’ ಎಂದು ಹೆಡ್ ಮಾಸ್ತರರು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು, ಸಹಿ ಹಾಕಿ, ವಿಜಾಪುರದ ಶಿಕ್ಷಣ ಕಚೇರಿಗೆ ಕಳಿಸಿಬಿಟ್ಟಿದ್ದರು. ಗುಂಡೂ ಇರಲಿಲ್ಲ, ಗಾಜಿನ ಕಾಲೂ ಇರಲಿಲ್ಲ. ಯಾದಿ ಉದ್ದ ಕಾಣಲಿ ಅಂತ ಮುಂಬಯಿಯ ಯಾವುದೋ ಅಂಗಡಿಯ ಕ್ಯಾಟಲಾಗು ನೋಡಿ ಇಳಿಸಿದ್ದು. ರಬಕವಿ–ಬನಹಟ್ಟಿ ಸೀಮೆಯ ಆ ಶಾಲೆ ಯಾವುದು ಅಂತ ನಾನಿಲ್ಲಿ ಹೇಳುವುದಿಲ್ಲ. ಅಂದಿನ ಕೊಳೆ ಇಂದು ಅಲ್ಲಿ ಕಲಿಸುವವರಿಗೆ ಯಾಕೆ ಹತ್ತಬೇಕು?

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲಿನ ವರ್ಷಗಳವು. ಹನ್ನೊಂದನೇ ಇಯತ್ತೆಯಲ್ಲಿ ವಿಜ್ಞಾನ ಕಲಿಸಲು ಪರವಾನಗಿ ಬೇಕಿತ್ತು. ಅದು ಸಿಗದಿದ್ದರೆ ನಮ್ಮ ಹುಡುಗರು ವಿಜ್ಞಾನ ಬೇಕೆಂದರೆ ಜಮಖಂಡಿಗೆ ಹೋಗಿ ರೂಮು ಹಿಡಿದಿರಬೇಕು, ಇಲ್ಲವಾದರೆ ಬಿಡಬೇಕು. ಸಂಕ್ರಾಂತಿ ಮುಗಿದ ವಾರ ಇನ್ಸ್‌ಪೆಕ್ಟರ್ ಸಾಹೇಬರ ಕಾಗದ ಬಂತು. ತಾವು ಸ್ವತಃ ಬರುತ್ತೇವೆ, ಯಾದಿಯಲ್ಲಿರುವ ಸಾಮಾನು ಹಿಡಿದು ಮೂರು ಪ್ರಯೋಗ ಮಾಡಿ ತೋರಿಸಿರಿ, ಅದರಲ್ಲಿ ಒಂದು ಟೊಳ್ಳು ಗುಂಡಿನದಿರಲಿ ಅಂತ ಅದರಲ್ಲಿ ಬರೆದಿತ್ತು.

ಹೆಡ್ ಮಾಸ್ತರರು ಕಾಗದವನ್ನು ವಿಜ್ಞಾನದ ಮಾಸ್ತರನಾಗಿದ್ದ ನನ್ನ ಮೇಜಿನ ಮೇಲೆ ಇಟ್ಟು, “ಇಪ್ಪತ್ತೈದು ದಿವಸ ಅವ ನೋಡ್ರಿ. ಒಂದು ಗುಂಡು ಹುಟ್ಟಸ್ರಿ” ಅಂದರು.

“ಯಾದಿಯೊಳಗ ಯಾಕ ಬರದ್ರಿ ಸರ?”

“ಅದನ್ನ ಈಗ ಕೇಳಿ ಏನ್ ಮಾಡ್ತೀರಿ? ವಿಜ್ಞಾನ ಬೇಕಾಗೇದೊ ಇಲ್ಲೊ ನಿಮಗ?”

ಬೇಕಾಗಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡೆ.

ಪ್ರಯೋಗ ಅಂಥ ಕಠಿಣದ್ದಲ್ಲ. ಒಳಗೆ ಖಾಲಿ ಇರುವ ಲೋಹದ ಗುಂಡಿಗೆ ವಿದ್ಯುತ್ತು ಕೊಟ್ಟರೆ ಅದಷ್ಟೂ ಹೊರಮೈಗೆ ಬಂದು ನಿಲ್ಲುತ್ತದೆ. ಒಂದೇ ಜಾತಿಯ ವಿದ್ಯುತ್ತಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ತಳ್ಳಿ ತಳ್ಳಿ ಎಷ್ಟು ದೂರ ಹೋಗಲು ಸಾಧ್ಯವೋ ಅಷ್ಟು ದೂರ, ಅಂದರೆ ಹೊರಗೆ ಹೋಗಿ ಕೂಡುತ್ತವೆ. ಒಳಗೋಡೆಯ ಮೇಲೆ ಎಳ್ಳಷ್ಟೂ ಉಳಿಯುವುದಿಲ್ಲ. ಇದನ್ನು ತೋರಿಸಲು ಗುಂಡಿನ ನೆತ್ತಿಗೆ ರೂಪಾಯಿ ಅಗಲದ ತೂತಿರಬೇಕು. ಗಾಜಿನ ಹಿಡಿಕೆಗೆ ಅಂಟಿಸಿದ ಚಿಕ್ಕ ತಾಮ್ರದ ಬಿಲ್ಲೆಯನ್ನು ಮೊದಲು ಗುಂಡಿನ ಹೊರಮೈಗೆ ಮುಟ್ಟಿಸಿ, ಆ ಬಿಲ್ಲೆಯನ್ನು ಎಲೆಕ್ಟ್ರೋಸ್ಕೋಪಿಗೆ ಮುಟ್ಟಿಸಬೇಕು. ಎಲೆಕ್ಟ್ರೋಸ್ಕೋಪು ಅಂದರೆ ಮತ್ತೇನಲ್ಲ, ಗಾಜಿನ ಭರಣಿ, ಅದರ ಮುಚ್ಚಳದ ನಡುವೆ ಹಿತ್ತಾಳೆಯ ಕಡ್ಡಿ, ಕಡ್ಡಿಯ ತುದಿಗೆ ಬಂಗಾರದ ವರಖಿನ ಎರಡು ಎಲೆ. ವಿದ್ಯುತ್ತು ಬಂದರೆ ಎಲೆ ಅಗಲುತ್ತವೆ, ಬರದಿದ್ದರೆ ಕೂಡಿಕೊಂಡೇ ಇರುತ್ತವೆ. ಹೊರಗೆ ಮುಟ್ಟಿಸಿ ತಂದ ಬಿಲ್ಲೆಗೆ ಎಲೆ ಅಗಲಬೇಕು, ತೂತಿನೊಳಗೆ ಇಳಿಸಿ ಒಳಗೋಡೆಗೆ ಮುಟ್ಟಿಸಿ ತಂದ ಬಿಲ್ಲೆಗೆ ಅಲುಗಬಾರದು. ಇಷ್ಟೇ ಪ್ರಯೋಗ.

ಮನೆಯ ಉಪ್ಪಿನಕಾಯಿಯ ಗಾಜಿನ ಭರಣಿಯನ್ನೇ ತಂದೆ. ಗಾಜಿನ ಕೋಲು ಶಾಲೆಯಲ್ಲಿತ್ತು. ಅದನ್ನು ಉಜ್ಜಲು ರೇಶಿಮೆಗೆ ನಮ್ಮಲ್ಲಿ ಏನು ಕೊರತೆ, ಮಗ್ಗದ ಮನೆಯವರೊಬ್ಬರು ಸೀರೆಯ ಸೆರಗಿನ ತುಂಡು ಕೊಟ್ಟರು. ಗುಂಡು ಮಾತ್ರ ತಾಪತ್ರಯ. ತಾಮ್ರದ ಕೊಡ ಬಡಿಯುವವನೊಬ್ಬನನ್ನು ಮುಧೋಳದಲ್ಲಿ ಹುಡುಕಿಕೊಂಡು ಹೋದೆ. “ಕುತ್ತಿಗಿ ಇಲ್ಲದ್ದು, ಕುಂದರಾಕ ತಳ ಇಲ್ಲದ್ದು, ಅದೆಂಥಾ ಭಾಂಡೆ ಮಾಸ್ತರ?” ಅಂತ ನಕ್ಕು ಕಳಿಸಿದ. ಕೊನೆಗೆ ನಮ್ಮ ಊರಿನ ಪತ್ತಾರರ ಮನೆಗೇ ಹೋದೆ.

ಅವರು ಬಂಗಾರ ಬೆಳ್ಳಿಯ ಕೆಲಸದವರು. ಬೀರಪ್ಪನ ಗುಡಿಗಳಿಗೆ ಬೆಳ್ಳಿಯ ಮುಖ ಮಾಡಿಕೊಡುತ್ತಿದ್ದರು. ಸುತ್ತ ಹತ್ತು ಹಳ್ಳಿಯಿಂದ, ಅತ್ತ ಚಿಮ್ಮಡದಿಂದಲೂ, ಹೆಣ್ಣುಮಕ್ಕಳು ಮಾಂಗಲ್ಯ, ಬಂಗಾರದ ಗುಂಡು ಪೋಣಿಸಿದ ಬೋರಮಾಳ ಕಟ್ಟಿಸಲು ಅವರಲ್ಲಿಗೇ ಬರುತ್ತಿದ್ದರು. ಬಂಗಾರ ಕೊಟ್ಟು ಹೋದವರು ಮಾಡಿ ಮುಗಿಸುವ ತನಕ ತಿರುಗಿ ನೋಡುತ್ತಿರಲಿಲ್ಲ, ಅಷ್ಟು ಭರವಸೆ. ಅರವತ್ತರ ವಯಸ್ಸು, ಮೂಗಿನ ತುದಿಗೆ ಚಾಳೀಸು, ಮಾತು ಕಡಿಮೆ. ನಾನು ಪುಸ್ತಕದ ಚಿತ್ರ ತೋರಿಸಿದೆ.

“ಒಳಗ ಏನೂ ಇರಬಾರದ್ರೇನು?” ಅಂತ ಕೇಳಿದರು.

“ಏನೂ ಇರಬಾರದು. ಒಳಗ ಖಾಲಿ ಇರಬೇಕು.”

“ಹುಡುಗೂರ ಕೈಯಾಗ ಹೋಗೂದೇನ್ರಿ?”

“ಹೂಂನ್ರಿ.”

“ಆತು ಬಿಡ್ರಿ, ಮಾಡೂಣು.”

ಹನ್ನೆರಡನೆಯ ದಿನಕ್ಕೆ ಗುಂಡು ಬಂತು. ಎರಡು ಅರೆಗುಂಡು ಬಡಿದು ಬೆಸುಗೆ ಹಾಕಿದ್ದರು. ಬೆಸುಗೆ ಎಲ್ಲಿ ಅಂತ ಬೆರಳಾಡಿಸಿ ಹುಡುಕಬೇಕು, ಅಷ್ಟು ನಯ. ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ವರಖಿನ ಎರಡು ಎಲೆಯನ್ನೂ ಅವರೇ ಪುಸ್ತಕದ ಹಾಳೆಯ ನಡುವೆ ಇಟ್ಟು ತಂದು ಕೊಟ್ಟರು. ದಪ್ಪ ಗಾಜಿನ ಬಾಟಲಿಗೆ ಮೇಣ ಸವರಿ, ಅದರ ಬಾಯಿಯ ಮೇಲೆ ಗುಂಡು ಕೂಡಿಸಿದೆ. ಆನಂದವೋ ಆನಂದ.

ಆ ಆನಂದದಲ್ಲೇ ತಪ್ಪು ಮಾಡಿದೆ. ಒಬ್ಬನೇ ಕೂತು ಮೊದಲು ಪ್ರಯೋಗ ಮಾಡಿ ನೋಡಬೇಕಿತ್ತು. ಗುಂಡು ಬಂದ ಸುದ್ದಿ ಕೇಳಿ ಶಾಲೆಯ ಚೇರ್ಮನ್ನರು, ದೊಡ್ಡ ನೂಲಿನ ವ್ಯಾಪಾರಿ, ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಬಂದುಬಿಟ್ಟರು. ಹೆಡ್ ಮಾಸ್ತರರು ಕುರ್ಚಿ ಹಾಕಿಸಿದರು. “ತೋರಿಸ್ರಿ ಮಾಸ್ತರ, ಏನ್ ಜಾದೂ ಐತಿ” ಅಂದರು ಚೇರ್ಮನ್ನರು. ನನಗೂ ಹುಮ್ಮಸ್ಸು. ಗಾಜಿನ ಕೋಲು ಉಜ್ಜಿ ಉಜ್ಜಿ ಗುಂಡಿಗೆ ಸವರಿದೆ. ಬಿಲ್ಲೆಯನ್ನು ಹೊರಗೆ ಮುಟ್ಟಿಸಿ ಕಡ್ಡಿಗೆ ಹಿಡಿದೆ, ಎಲೆ ಥಟ್ಟನೆ ಅಗಲಿದವು. “ವ್ಹಾ!” ಅಂದರು. ಭರಣಿಯ ಕಡ್ಡಿಗೆ ಬೆರಳು ಮುಟ್ಟಿಸಿದೆ, ಎಲೆ ಕೂಡಿದವು. “ಈಗ ನೋಡ್ರಿ, ಒಳಗಿಂದ ತಂದ್ರ ಏನೂ ಆಗೂದಿಲ್ಲ” ಅಂತ ಗಂಟಲೆತ್ತಿ ಹೇಳಿ, ಬಿಲ್ಲೆಯನ್ನು ತೂತಿನೊಳಗೆ ಇಳಿಸಿ, ಚಲೋ ಮುಟ್ಟಲಿ ಅಂತ ಒಳಗೋಡೆಗೆ ಎರಡು ಸಲ ಸವರಿ, ಹೊರತಂದು ಕಡ್ಡಿಗೆ ಹಿಡಿದೆ.

ಎಲೆ ಅಗಲಿದವು.

ಎರಡನೇ ಸಲ ಮಾಡಿದೆ. ಮೂರನೇ ಸಲ. ಪ್ರತಿ ಸಲ ಅಗಲಿದವು. ಗೆಳೆಯರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಚೇರ್ಮನ್ನರು ಎದ್ದು ಬಂದು ಬೆರಳ ಗೆಣ್ಣಿನಿಂದ ಗುಂಡಿಗೆ ಬಡಿದರು. ಡಬ್ ಅಂತ ಮೊಂಡು ಸಪ್ಪಳ ಬಂತು.

“ಏನ್ರಿ ಇದು, ಮಡಿಕಿ ಬಡದಂಗ ಆಗತೈತಿ? ತಾಮ್ರ ಅಂದ್ರ ಖಣ್ ಅನ್ನಬೇಕ. ಶುದ್ಧ ಐತೇನ್ರಿ ಇದು?”

ಇಲ್ಲಿಗೆ ಬಂದಾಗ ಈಗಲೂ ನನಗೆ ನನ್ನ ಮೇಲೆ ಹೇಸಿಗೆ ಹುಟ್ಟುತ್ತದೆ. ತಾಮ್ರಕ್ಕೆ ಏನು ಕೂಡಿಸಿದರೂ ಈ ಪ್ರಯೋಗಕ್ಕೆ ಕಿಂಚಿತ್ತೂ ಬಾಧೆಯಿಲ್ಲ. ಹಿತ್ತಾಳೆಯಲ್ಲೂ ಆಗುತ್ತದೆ, ತಗಡಿನಲ್ಲೂ ಆಗುತ್ತದೆ. ಇದು ನನಗೆ ಗೊತ್ತಿತ್ತು, ಆ ಗಳಿಗೆಯಲ್ಲೂ ಗೊತ್ತಿತ್ತು. ಗೊತ್ತಿದ್ದೂ ಈ ಬಾಯಿ ಅಂದಿತು:

“ಇರ್ಲಿಕ್ಕಿಲ್ರಿ. ಏನರ ಕೂಡಿಸಿರಬೇಕು. ಶುದ್ಧ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ.”

ನಾಲ್ಕು ಜನರ ಎದುರು ನನ್ನ ಮಾನ ಉಳಿದರೆ ಸಾಕಿತ್ತು. ಅದಕ್ಕಾಗಿ ಮನೆಯಲ್ಲಿ ಕೂತು ಮೂಗಿನ ತುದಿಗೆ ಚಾಳೀಸು ಏರಿಸಿಕೊಂಡು ಕೆಲಸ ಮಾಡುವ ಒಬ್ಬ ಮನುಷ್ಯನನ್ನು ಕಳ್ಳನನ್ನಾಗಿ ಮಾಡಿಬಿಟ್ಟೆ. ಪತ್ತಾರಿಕೆ ಮಾಡುವವರಿಗೆ ‘ಕೂಡಿಸಿದ’ ಅನ್ನುವ ಒಂದು ಮಾತಿಗಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಥೂ!

ಚೇರ್ಮನ್ನರು ಗುಂಡನ್ನೇ ನೋಡುತ್ತ ಒಂದು ಸಲ “ಹೂಂ” ಅಂದರು. ಆಮೇಲೆ ಗೊತ್ತಾಯಿತು, ಮಗಳ ಲಗ್ನಕ್ಕೆ ಅವರ ಮನೆಯ ಬೋರಮಾಳದ ಬಂಗಾರ ಆಗ ಪತ್ತಾರರ ಹತ್ತಿರವೇ ಇತ್ತು. ಮರುದಿನ ಮುಂಜಾನೆ ಆಳು ಹೋಗಿ ಅರ್ಧ ಮಾಡಿದ ಗುಂಡುಗಳನ್ನು ತಿರುಗಿ ತಂದ. ಸಂತೆಯ ದಿನದೊಳಗೆ ಇನ್ನೂ ಐದಾರು ಮನೆಯವರು ಹಾಗೇ ಮಾಡಿದರು.

ಇದೆಲ್ಲ ಕಿವಿಗೆ ಬೀಳುತ್ತಿತ್ತು. ನಾನು ಕೇಳಿಸದವನಂತೆ ಗುಂಡಿನ ಹಿಂದೆ ಬಿದ್ದೆ. ರೇಶಿಮೆಯನ್ನು ಬಿಸಿಲಿಗೆ ಒಣಗಿಸಿದೆ. ಬಾಟಲಿಯ ಮೇಣ ಕೆರೆದು ಹೊಸದು ಹಚ್ಚಿದೆ. ಬಿಲ್ಲೆ ತೂತಿನ ಅಂಚಿಗೆ ತಾಗಿ ಹೊರಗಿನ ವಿದ್ಯುತ್ತು ಹತ್ತಿಕೊಳ್ಳುತ್ತಿದೆಯೇನೋ ಅಂತ ಚಿಕ್ಕ ಬಿಲ್ಲೆ ಮಾಡಿಸಿದೆ, ಉಸಿರು ಹಿಡಿದು ಅಂಚಿಗೆ ತಾಗದಂತೆ ಇಳಿಸಿ ತೆಗೆದೆ. ಏನು ಮಾಡಿದರೂ ಎಲೆ ಅಗಲಿದವು. ಆಮೇಲೆ ಚಹಾಪುಡಿಯ ಖಾಲಿ ತಗಡಿನ ಡಬ್ಬಿಯನ್ನು ಗುಂಡಿನ ಜಾಗದಲ್ಲಿ ಇಟ್ಟು ಮಾಡಿದೆ. ಡಬ್ಬಿಯ ಒಳತಳಕ್ಕೆ ಮುಟ್ಟಿಸಿ ತಂದ ಬಿಲ್ಲೆಗೆ ಎಲೆ ಮಿಸುಕಲಿಲ್ಲ! ಅಂದರೆ ಭರಣಿ ಸರಿ, ಬಿಲ್ಲೆ ಸರಿ, ನನ್ನ ಕೈಯೂ ಸರಿ. ದೋಷ ಗುಂಡಿನಲ್ಲೇ ಇತ್ತು.

ಒಂದು ನೀಚ ಸಮಾಧಾನವೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ದೋಷ ಗುಂಡಿನದಾದರೆ ನಾನಂದದ್ದು ಪೂರಾ ಸುಳ್ಳಲ್ಲವಲ್ಲ, ಅಂತ ಮನಸ್ಸು ಒಳಗೇ ವಕೀಲಿ ಮಾಡಿತು.

ಎಂಟನೇ ಇಯತ್ತೆಯ ಹುಡುಗರಿಗೆ ನಾನು ದಿನಾ ಹೇಳುತ್ತಿದ್ದ ಒಂದು ಪಾಠವಿದೆ. ಔಷಧ ಹಾಕಿ ನೋಡುವುದರ ಜೊತೆಗೆ ಔಷಧ ಹಾಕದೆಯೂ ನೋಡಬೇಕು, ಆಗಲೇ ಔಷಧದ ಗುಣ ತಿಳಿಯುವುದು. ಆ ಪಾಠ ಹೇಳುವವನಿಗೆ ಅದು ಹೊಳೆಯಲು ಐದು ದಿನ ಬೇಕಾಯಿತು. ಆರನೆಯ ದಿನ ಮಧ್ಯಾಹ್ನ ಗುಂಡನ್ನು ಎರಡೂ ಕೈಯಿಂದ ಮುಟ್ಟಿ ಅದರಲ್ಲಿದ್ದ ವಿದ್ಯುತ್ತನ್ನೆಲ್ಲ ಇಳಿಸಿಬಿಟ್ಟೆ. ಕೋಲು ಮುಟ್ಟಲಿಲ್ಲ. ಬಿಲ್ಲೆಯನ್ನು ಹೊರಮೈಗೆ ಮುಟ್ಟಿಸಿ ತಂದೆ, ಎಲೆ ಸುಮ್ಮನಿದ್ದವು. ಒಳಗೋಡೆಗೆ ಸವರಿ ತಂದೆ, ಅಗಲಿದವು.

ಕೊಡದ ವಿದ್ಯುತ್ತು ಎಲ್ಲಿಂದ ಬಂತು? ಒಳಗೇ ಹುಟ್ಟುತ್ತಿರಬೇಕು. ಉಜ್ಜಿದರೆ ಹುಟ್ಟುವುದು ಅಂದರೆ ಗಾಜು, ರಾಳ, ಅರಗು ಇಂಥವು. ಛತ್ರಿಯ ಕಡ್ಡಿಯ ತುದಿ ಬಗ್ಗಿಸಿ ಒಳಗೆ ಹಾಕಿ ಕೆರೆದೆ. ಕೆಂಪು ಮಿಶ್ರಿತ ಕಂದು ಬಣ್ಣದ ಒಂದು ಹಕ್ಕಳೆ ಉದುರಿತು. ಅದನ್ನು ದೀಪಕ್ಕೆ ಹಿಡಿದರೆ ಮೆತ್ತಗಾಗಿ, ಪತ್ತಾರರ ಪಡಸಾಲೆಯಲ್ಲಿ ಬರುವ ವಾಸನೆಯೇ ಬಂತು. ಅರಗು! ಒಳಗೋಡೆ ಪೂರಾ ಅರಗು ಬಳಿದಿತ್ತು. ತೂತಿನಿಂದ ಹಣಿಕಿ ನೋಡಿದಾಗ ಕಪ್ಪು ಕಂಡದ್ದನ್ನು ನಾನು ಬೆಸುಗೆಯ ಮಸಿ ಅಂದುಕೊಂಡಿದ್ದೆ. ಗುಂಡಿನ ಸಪ್ಪಳ ಮೊಂಡಾದದ್ದೂ ಇದರಿಂದಲೇ. ನನ್ನ ಬಿಲ್ಲೆ ಒಳಗೆ ತಾಮ್ರವನ್ನು ಮುಟ್ಟಿಯೇ ಇರಲಿಲ್ಲ. ಅರಗಿಗೆ ಉಜ್ಜಿ ತಾನೇ ವಿದ್ಯುತ್ತು ಹುಟ್ಟಿಸಿಕೊಂಡು ಬರುತ್ತಿತ್ತು.

ಗುಂಡನ್ನು ಪಂಜೆಯಲ್ಲಿ ಕಟ್ಟಿಕೊಂಡು ಪತ್ತಾರರ ಮನೆಗೆ ಹೋದೆ. ಸಂಜೆ ನಾಲ್ಕರ ಹೊತ್ತು. ಅವರು ಆರಿದ ಇದ್ದಿಲಿನ ಶೆಗಡಿಯ ಮುಂದೆ ಸುಮ್ಮನೆ ಕೂತಿದ್ದರು. ಆ ಹೊತ್ತಿನಲ್ಲಿ ಅವರು ಕೈ ಖಾಲಿ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಬರ್ರಿ, ಕುಂದರ್ರಿ” ಅಂದರು. ಬಾ ಅಂದ ರೀತಿಯಲ್ಲಿ ಎಳ್ಳಷ್ಟೂ ಫರಕಿರಲಿಲ್ಲ, ಅದೇ ನನಗೆ ಚುಚ್ಚಿತು.

“ಒಳಗ ಅರಗ ಹಾಕೀರೇನ್ರಿ ಇದಕ್ಕ?”

“ಹಾಕೇನ್ರಿ. ತಗಡ ತೆಳು ಐತಿ. ಹುಡುಗೂರ ಕೈಯಾಗಿಂದ ಒಮ್ಮಿ ಬಿದ್ರ ನೆಗ್ಗಿ ಹೋಗತೈತಿ. ದೇವರ ಮುಖಕ್ಕ, ಬೋರಮಾಳದ ಗುಂಡಿಗೆ ಒಳಗ ಹಾಕ್ತೇವಲ್ಲ, ಹಂಗ ತೆಳ್ಳಗ ಒಂದು ಕೈ ಬಳದೇನಿ. ಯಾಕ್ರಿ?”

“ಒಳಗ ಏನೂ ಇರಬಾರ್ದು ಅಂದಿದ್ನೆಲ್ಲರಿ?”

“ಖಾಲಿ ಇರಬೇಕಂದ್ರಿ. ಖಾಲಿನ ಐತೆಲ್ಲರಿ. ಗ್ವಾಡಿಗೆ ಸುಣ್ಣ ಬಳದ್ರ ಮನಿ ತುಂಬತೈತೇನು?”

ಕೇಳದೆ, ಹೇಳದೆ, ನಮ್ಮ ಶಾಲೆಯ ಹುಡುಗರ ಸಲುವಾಗಿ ಅವರು ತಾವಾಗಿ ಮಾಡಿದ ಉಪಕಾರ ಅದು. ಅವರ ಕಸುಬಿನಲ್ಲಿ ಟೊಳ್ಳು ಸಾಮಾನನ್ನು ಅರಗಿಲ್ಲದೆ ಕೊಡುವವನು ಕೆಲಸಗಳ್ಳ. ನಾನು ತಡವರಿಸುತ್ತ ಎಲ್ಲ ಹೇಳಿದೆ. ತಾಮ್ರದ್ದು ಏನೂ ತಪ್ಪಿಲ್ಲ, ಚೇರ್ಮನ್ನರ ಎದುರಿಗೆ ನಾನು ಹಾಗೆ ಅಂದದ್ದು ಸುಳ್ಳು, ಅಂದಾಗಲೇ ನನಗೆ ಗೊತ್ತಿತ್ತು, ಕ್ಷಮಾ ಮಾಡಿರಿ ಅಂದೆ.

ಅವರು ಚಾಳೀಸು ತೆಗೆದು ಪಂಜೆಯಿಂದ ಒರೆಸಿಕೊಂಡರು.

“ಅದನ್ನ ಅನ್ನೂಮುಂದ ಎಷ್ಟ ಮಂದಿ ಇದ್ರಿ?”

“ನಾಲ್ಕ ಮಂದಿ ಇದ್ರರಿ.”

“ಈಗ ಇದನ್ನ ನನ್ನೊಬ್ಬನ ಮುಂದ ಹೇಳಾಕ ಬಂದೀರಿ.”

ಅವರು ಕೈ ಚಾಚಿ, “ತರ್ರಿ ಇಲ್ಲಿ ಗುಂಡ. ಸಾಲಿ ಕೆಲಸ ಯಾಕ ಕೆಡಬೇಕು” ಅಂದು ಶೆಗಡಿಗೆ ಇದ್ದಿಲು ಹಾಕಿದರು.

ಊದುಗೊಳವೆ ಊದಿ ಕೆಂಡ ಮಾಡಿ, ಇಕ್ಕಳದಲ್ಲಿ ಗುಂಡು ಹಿಡಿದು ನಿಧಾನ ತಿರುಗಿಸಿದರು. ಬೆಸುಗೆ ಬಿಡದಷ್ಟು, ಅರಗು ಕರಗುವಷ್ಟು ಕಾವು. ತೂತು ಕೆಳಗಾಗಿ ಬಗ್ಗಿಸಿದಾಗ ಅರಗು ಕಾಕಂಬಿಯ ಹಾಗೆ ಎಳೆಯಾಗಿ ಇಳಿಯಿತು. ಉಳಿದದ್ದನ್ನು ನಾನು ಶಾಲೆಯಿಂದ ಸ್ಪಿರಿಟು ತರಿಸಿ, ಕಡ್ಡಿಗೆ ಅರಿವೆ ಸುತ್ತಿ, ಮತ್ತೆ ಮತ್ತೆ ಒರೆಸಿದೆ. ಆರಿದ ಮೇಲೆ ಬೆರಳಿನಿಂದ ಬಡಿದರೆ ಠಣ್ ಅಂದಿತು. ಶಾಲೆಗೆ ತಂದು ಮಾಡಿದೆ. ಹೊರಗೆ ಮುಟ್ಟಿಸಿದರೆ ಎಲೆ ಅಗಲಿದವು, ಒಳಗೆ ಮುಟ್ಟಿಸಿದರೆ ಕೂಡಿಕೊಂಡೇ ನಿಂತವು. ಹತ್ತು ಸಲ ಮಾಡಿದೆ, ಹತ್ತೂ ಸಲ ಸರಿ.

ಅವತ್ತೇ ಸಂಜೆ ಚೇರ್ಮನ್ನರ ಮನೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಅಂತ ಪತ್ತಾರರಿಗೆ ಮಾತು ಕೊಟ್ಟು ಬಂದಿದ್ದೆ. ಹೊರಟವನನ್ನು ಹೆಡ್ ಮಾಸ್ತರರು ಗೇಟಿನಲ್ಲೇ ತಡೆದು, ಎಲ್ಲಿಗೆ ಅಂತ ಕೇಳಿದರು. ಎಲ್ಲ ಹೇಳಿದೆ.

“ಹುಚ್ಚ ಹಿಡದದೇನ್ರೀ ನಿಮಗ? ಇನ್ನು ಐದು ದಿವಸಕ್ಕ ಇನ್ಸ್‌ಪೆಕ್ಷನ್ ಅದ. ನಮ್ಮ ಮಾಸ್ತರಗ ಪ್ರಯೋಗ ಬರ್ತಿದ್ದಿಲ್ಲ, ಬಾಯಿಗೆ ಬಂದದ್ದು ಹೇಳ್ಯಾನ ಅಂತ ಊರೆಲ್ಲಾ ಆದ್ರ, ಅದು ಸಾಹೇಬರ ಕಿವಿಗೆ ಹೋಗೂದಿಲ್ಲೇನು? ಪರವಾನಗಿ ಹೋತು, ತಿಳೀರಿ. ಮುಗದ ಮ್ಯಾಲ ಹೇಳೂಣು. ನಾನೂ ಬರ್ತೇನಿ ನಿಮ್ಮ ಸಂಗಾಟ.”

ಪರವಾನಗಿಯ ಹೆಸರು ಕೇಳಿ ನಾನು ತಿರುಗಿ ಬಂದೆ. ಐದು ದಿನ ಪತ್ತಾರರ ಓಣಿ ಬಿಟ್ಟು ಸುತ್ತು ಹಾಕಿ ಶಾಲೆಗೆ ಹೋದೆ. ಇದಕ್ಕಿಂತ ಹೊಲಸು ಐದು ದಿನ ನನ್ನ ಬಾಳಿನಲ್ಲಿ ಇಲ್ಲ.

ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಒಣಕಲು ಮೈ, ಖಾದಿಯ ಕೋಟು, ಪ್ರತಿಯೊಂದನ್ನೂ ಬಗ್ಗಿ ನೋಡುವ ಮನುಷ್ಯ. ಮೊದಲ ಎರಡು ಪ್ರಯೋಗ ಆದವು. ಶಿಕ್ಷಕರೆಲ್ಲ ಗೋಡೆಗೆ ನಿಂತಿದ್ದರು, ಚೇರ್ಮನ್ನರೂ ಊರಿನ ನಾಲ್ಕಾರು ಹಿರಿಯರೂ ಕುರ್ಚಿಯ ಮೇಲೆ. ಗುಂಡಿನ ಸರದಿ ಬಂತು. ಎಲೆ ಹೇಗೆ ಆಡಬೇಕೋ ಹಾಗೇ ಆಡಿದವು. ಸಾಹೇಬರು ತಾವೇ ಬಿಲ್ಲೆ ತಗೊಂಡು ಒಮ್ಮೆ ಮಾಡಿ ನೋಡಿ, “ಒಳ್ಳೆಯ ಗುಂಡು. ಎಲ್ಲಿಂದ ತರಿಸಿದಿರಿ?” ಅಂತ ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಚೇರ್ಮನ್ನರು ನಗುತ್ತ ಮುಂದೆ ಬಂದರು.

“ಅದರದೊಂದು ಮಜಾ ಐತ್ರಿ ಸಾಹೇಬ್ರ. ನಮ್ಮೂರ ಪತ್ತಾರ ಖೋಟಾ ತಾಮ್ರ ಹಾಕಿ ಮಾಡಿ ಕೊಟ್ಟಿದ್ದ. ಪ್ರಯೋಗ ಆಗವಲ್ದು! ನಮ್ಮ ಮಾಸ್ತರು ಅದನ್ನ ಬೆಂಕ್ಯಾಗ ಹಾಕಿ ಶುದ್ಧ ಮಾಡ್ಯಾರ ನೋಡ್ರಿ. ಹೆಡ್ ಮಾಸ್ತರು ಎಲ್ಲಾ ಹೇಳ್ಯಾರ ನನಗ.”

ಹೆಡ್ ಮಾಸ್ತರರ ಕಡೆ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆ ಮನುಷ್ಯ ತನ್ನ ಕೈಯಿಂದ ಇದ್ದಿಲು ಹಾಕಿ, ತನ್ನ ಉಸಿರಿನಿಂದ ಕೆಂಡ ಮಾಡಿ ಸರಿಪಡಿಸಿಕೊಟ್ಟದ್ದನ್ನು ಇವರು ಆತನ ಕಳ್ಳತನಕ್ಕೆ ಸಾಕ್ಷಿ ಮಾಡಿಟ್ಟಿದ್ದರು. ಮೇಲೆ ನನಗೆ ಶಹಬ್ಬಾಸ್ ಬೇರೆ! ಹಿರಿಯರು ನನ್ನ ಕಡೆ ಮೆಚ್ಚಿ ತಲೆದೂಗಿದರು. ಎಂಥ ಅಸಹ್ಯವಾಯಿತು ಅಂದರೆ, ಆ ಮೆಚ್ಚುಗೆಯನ್ನು ಮೈಮೇಲಿಂದ ನೀರು ಹಾಕಿ ತೊಳೆದುಕೊಳ್ಳಬೇಕು ಅನ್ನಿಸಿತು.

“ಬೆಂಕಿಯಲ್ಲಿ ಶುದ್ಧ?” ಸಾಹೇಬರು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು. “ಅದು ಹೇಗೆ ಮಾಡಿದಿರಿ?”

ಹೆಡ್ ಮಾಸ್ತರರು ಕೆಮ್ಮಿದರು. ಪರವಾನಗಿ ಹೋದರೆ ಹೋಗಲಿ, ಅಂತ ಆ ಕೆಮ್ಮು ಕೇಳಿದ ಕೂಡಲೇ ನಾನು ಗಟ್ಟಿ ಮಾಡಿಕೊಂಡೆ.

“ಶುದ್ಧ ಮಾಡೂದೇನೂ ಇದ್ದಿಲ್ರಿ ಸಾಹೇಬ್ರ. ತಾಮ್ರ ಮೊದಲಿನಿಂದ ಶುದ್ಧನ ಐತಿ. ಖೋಟಾ ಇದ್ದದ್ದು ನನ್ನ ಮಾತು” ಅಂದೆ. ಅರಗಿನ ವಿಷಯ, ಡಬ್ಬಿಯ ವಿಷಯ, ವಿದ್ಯುತ್ತು ಕೊಡದೆ ಮಾಡಿ ನೋಡಿದ್ದು, ಎಲ್ಲ ಹೇಳಿದೆ. “ತಾಮ್ರಕ್ಕ ಏನ್ ಕೂಡಿಸಿದ್ರೂ ಪ್ರಯೋಗ ಕೆಡೂದಿಲ್ಲಂತ ನನಗ ಅವತ್ತ ಗೊತ್ತಿತ್ತು. ನನ್ನ ಕೈಲೆ ಆಗಲಿಲ್ಲಂತ ಒಪ್ಪಿಕೊಳ್ಳಾಕ ನಾಚಿಕಿ ಆತು. ಅದಕ್ಕ ಪತ್ತಾರರ ಮ್ಯಾಲ ಹಾಕಿದ್ನಿ. ಚೇರ್ಮನ್ನರ, ನಿಮಗೂ ಹೇಳ್ತೇನಿ, ಈ ಎಲ್ಲಾರಿಗೂ ಹೇಳ್ತೇನಿ. ಅವರದೇನೂ ತಪ್ಪಿಲ್ಲ.”

ಸಾಹೇಬರು, “ಗುಂಡಿಗೆ ವಿದ್ಯುತ್ತು ಕೊಡದೆ ಒಳಗೆ ಮುಟ್ಟಿಸಿ ನೋಡಬೇಕು ಅಂತ ಮೊದಲ ದಿನವೇ ಯಾಕೆ ಹೊಳೆಯಲಿಲ್ಲ?” ಅಂದರು.

“ಹೊಳಿಯೂಕಿಂತ ಮೊದಲ ಬಾಯಿ ತೆಗದಿದ್ನಿರಿ.”

ಅವರು ಯಾದಿ ತೆಗೆದು ಅದರ ಮೇಲಿನ ತಾರೀಖು ನೋಡಿದರು, ಗುಂಡು ಮಾಡಿಸಿದ್ದು ಯಾವಾಗ ಅಂತ ಕೇಳಿದರು. ಅದನ್ನೂ ಹೇಳಿದೆ. ಯಾದಿಯ ಆ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಎಳೆದು, ಹೆಡ್ ಮಾಸ್ತರರ ಕಡೆ ಒಮ್ಮೆ ನೋಡಿ, ಮಡಿಚಿ ಕಿಸೆಯಲ್ಲಿಟ್ಟುಕೊಂಡರು. ಚಹಾ ಕುಡಿಯದೆ ಹೊರಟುಹೋದರು.

ಪರವಾನಗಿ ಹೋಯಿತು ಅಂತಲೇ ಎಲ್ಲರೂ ತಿಳಿದರು. ಹೆಡ್ ಮಾಸ್ತರರು ನನ್ನ ಜೊತೆ ಮಾತು ಬಿಟ್ಟರು. ಆದರೆ ಇಪ್ಪತ್ತು ದಿ‌ನದ ಮೇಲೆ ಕಾಗದ ಬಂತು, ಪರವಾನಗಿ ಕೊಟ್ಟಿದ್ದರು. ಯಾದಿಯನ್ನು ಇನ್ನು ಮುಂದೆ ಇದ್ದಂತೆಯೇ ಬರೆಯಬೇಕು ಅಂತ ಒಂದು ಸಾಲು ಕೆಳಗಿತ್ತು, ಅಷ್ಟೇ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದೇ ವಾರ ಇನ್ನೊಂದು ಸುದ್ದಿಯೂ ಬಂತು. ಬೋರಮಾಳದ ಕೆಲಸ ಮತ್ತೆ ಕೊಡುತ್ತೇವೆ ಬರ್ರಿ ಅಂತ ಚೇರ್ಮನ್ನರ ಮನೆಯವರು ಪತ್ತಾರರಿಗೆ ಹೇಳಿ ಕಳಿಸಿದ್ದರು.

ನಾನು ಪತ್ತಾರರ ಜೊತೆಗೇ ಹೋದೆ. ಖರೆ ಹೇಳಬೇಕೆಂದರೆ, ನನ್ನ ಒಳ್ಳೆಯತನ ಫಲ ಕೊಡುವುದನ್ನು ಕಣ್ಣಿಂದ ನೋಡುವ ಚಪಲ ಅದು. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅವರು ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಸುಮ್ಮನೆ ಬಂದರು. ಬಂಗಾರ ತಗೊಂಡು ಮನೆಗೆ ಒಯ್ಯಲು ಅಂತ ಕೀಲಿ ಹಾಕುವ ಚಿಕ್ಕ ಪೆಟ್ಟಿಗೆಯೂ ಚೀಲದಲ್ಲಿತ್ತು.

ಚೇರ್ಮನ್ನರ ಹೆಂಡತಿ ನಡುಮನೆಯ ಬಾಗಿಲಿಗೆ ಬಂದು ನಿಂತರು. ನಮ್ಮಿಬ್ಬರಿಗೂ ಚಹಾ ತರಿಸಿದರು. ಬಹಳ ನಯವಾದ ಮಾತು.

“ಮಾಸ್ತರು ಎಲ್ಲಾರ ಮುಂದ ಹೇಳಿದ್ರಂತ, ಇವರು ಬಂದು ಹೇಳಿದ್ರು. ನಮಗೂ ಭಾಳ ಖುಷಿ ಆತ್ರಿ. ನಿಮ್ಮಂಥಾವರು ಹಂಗ ಮಾಡ್ತೀರೇನು? ಮಂದಿ ಬಾಯಿ ಹೊಲಸು ಬಿಡ್ರಿ.” ಒಳಗೆ ಹೋಗಿ ಅರ್ಧ ಮಾಡಿದ ಗುಂಡುಗಳ ಗಂಟು ತಂದು ತಾಟಿನಲ್ಲಿ ಇಟ್ಟರು. “ಲಗ್ನ ಸನೇ ಬಂತು. ಲಗೂನ ಮಾಡಿ ಕೊಡ್ರಿ.”

ಪತ್ತಾರರು ಚೀಲದಿಂದ ಪೆಟ್ಟಿಗೆ ತೆಗೆದರು.

“ಅದು ಬ್ಯಾಡ್ರಿ” ಅಂದರು ಚೇರ್ಮನ್ನರ ಹೆಂಡತಿ. ಧ್ವನಿ ಇನ್ನೂ ನಯವಾಯಿತು. “ಇನ್ನ ಮ್ಯಾಲ ಇಲ್ಲೇ ಪಡಸಾಲಿಯೊಳಗ ಕುಂತು ಮಾಡ್ರಿ. ಮನಿಗೆ ಒಯ್ಯೂದ್ಯಾಕ? ನಿಮಗೂ ಛಲೋ, ನಮಗೂ ಛಲೋ. ನಾಳೆ ಯಾರೂ ಏನೂ ಅನ್ನಬಾರದಲ್ಲ. ಬಾಜೂ ಮನಿಯವರೂ ಹಂಗ ಮಾಡೂದಂತ ಮಾತಾಡೇವಿ.”

ನಾನು ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿತ್ತು. ಅವರು ಅದನ್ನು ನಂಬಿಯೂ ಆಗಿತ್ತು.

ಪತ್ತಾರರು ಆ ಪೆಟ್ಟಿಗೆಯನ್ನು ತಿರುಗಿ ಚೀಲದೊಳಗೆ ಹಾಕಿದರು. ಚಾಳೀಸು ಏರಿಸಿಕೊಂಡು ಪಡಸಾಲೆಯನ್ನು ಆ ತುದಿಯಿಂದ ಈ ತುದಿಯ ತನಕ ಒಂದು ಸಲ ನೋಡಿದರು.

“ಶೆಗಡಿ ಎಲ್ಲಿ ಇಡ್ಲಿರಿ, ಅವ್ವಾರ?”

“ಅಲ್ಲೆ, ಆ ಕಂಬದ ಬಲಕ್ಕ ಇಡ್ರಿ” ಅಂದರು ಅವರು. “ಅಡಿಗಿ ಮನ್ಯಾಗಿಂದ ಕಾಣತೈತಿ.”